ಯೂನಿಫಾರಂ ಹಾಕಿದವಳ ಫೈಟ್: ಹಾಂಗ್‌ಕಾಂಗ್ ಸಿನಿಮಾದ ಲೇಡಿ ಇನ್‌ಸ್ಪೆಕ್ಟರ್‌ಗಳು

(ಸಿನಿಮಾ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ತೆರೆಯ ಮೇಲೆ ತೋರಿಸಿದ ತುಣುಕುಗಳ ಜಾಗದಲ್ಲಿ ಇಲ್ಲಿ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ಈಗ ನೋಡಿದ್ದು 1985ರ ‘ಯೆಸ್, ಮೇಡಂ!’ ಚಿತ್ರದ ಕೊನೆಯ ಫೈಟ್. ವಿಲನ್‌ನ ಬಂಗಲೆ, ಎಲ್ಲಿ ತಿರುಗಿದರೂ ಗಾಜು. ಒಳಗೆ ನುಗ್ಗಿರುವವರು ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳು. ಎದುರಿಗೆ ಆಳುಗಳ ದಂಡು. ನಡುವೆ ಒಂದು ಕಡೆ ಮಿಶೆಲ್ ಯೋ ಮಹಡಿಯ ಕಂಬಿಗೆ ಕಾಲು ಸಿಕ್ಕಿಸಿಕೊಂಡು ಹಿಂದಕ್ಕೆ ಬೀಳುತ್ತಾರೆ, ತಲೆಕೆಳಗಾಗಿ ಗಾಜು ಒಡೆಯುತ್ತಾರೆ, ಇಬ್ಬರನ್ನು ಹಿಡಿದೆಳೆದು ಕೆಳಗೆ ಉರುಳಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯುತ್ತದೆ. ನಿಮ್ಮಲ್ಲಿ ಕೆಲವರು ಚಪ್ಪಾಳೆ ತಟ್ಟಿದಿರಿ. ಇಷ್ಟು ಹಳೆಯ ಸಿನಿಮಾಕ್ಕೆ ಈಗಲೂ ಚಪ್ಪಾಳೆ ಬೀಳುತ್ತದೆ ಎಂದರೆ ಅದರೊಳಗೆ ಏನೋ ಗಟ್ಟಿಯಾದದ್ದು ಇದೆ, ಅಲ್ವಾ?

ಅದೇನು ಅನ್ನುವುದೇ ಇವತ್ತಿನ ಮಾತು. ನನ್ನ ನಂಬಿಕೆ ಇಷ್ಟು. ಒಬ್ಬ ಹೆಣ್ಣುಮಗಳು ಪೊಲೀಸ್ ಅಧಿಕಾರಿ ಎಂದು ಸಿನಿಮಾ ಹೇಳುತ್ತದೆ. ಆದರೆ ಸಿನಿಮಾ ತಾನೇ ಅದನ್ನು ನಂಬಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಡೈಲಾಗ್ ಕೇಳಿ ಪ್ರಯೋಜನವಿಲ್ಲ, ಅವಳ ಫೈಟ್ ಹೇಗೆ ತೆಗೆದಿದ್ದಾರೆ ಎಂದು ನೋಡಬೇಕು. ಕ್ಯಾಮೆರಾ ಅವಳಿಂದ ಎಷ್ಟು ದೂರ ನಿಂತಿದೆ? ಅವಳ ಪೂರ್ತಿ ಮೈ ಕಾಣುತ್ತದೆಯೇ? ಅವಳಿಗೂ ಏಟು ಬೀಳುತ್ತದೆಯೇ? ಏಟು ಬಿದ್ದಾಗ ಅವಳನ್ನು ಕಾಪಾಡಲು ಯಾರಾದರೂ ಓಡಿ ಬರುತ್ತಾರೆಯೇ, ಇಲ್ಲ ಅವಳೇ ಎದ್ದು ನಿಲ್ಲುತ್ತಾಳೆಯೇ? ಎಂಬತ್ತರ ದಶಕದ ಹಾಂಗ್‌ಕಾಂಗ್ ಚಿತ್ರಗಳು ಈ ಪ್ರಶ್ನೆಗಳಿಗೆ ಕೊಟ್ಟಷ್ಟು ನೇರವಾದ ಉತ್ತರವನ್ನು ಬೇರೆ ಯಾವ ಊರಿನ ಸಿನಿಮಾವೂ ಕೊಟ್ಟಿಲ್ಲ ಎಂದು ನನಗೆ ಅನ್ನಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1966ರಲ್ಲಿ ಶಾ ಬ್ರದರ್ಸ್ ಸಂಸ್ಥೆಗಾಗಿ ಕಿಂಗ್ ಹು ‘ಕಮ್ ಡ್ರಿಂಕ್ ವಿತ್ ಮಿ’ ಎಂಬ ಚಿತ್ರ ಮಾಡಿದರು. ನಾಯಕಿ ಚೆಂಗ್ ಪೇ-ಪೇ. ಕಥೆಯಲ್ಲಿ ಡಕಾಯಿತರು ಪ್ರಾಂತ್ಯಾಧಿಕಾರಿಯ ಮಗನನ್ನು ಹಿಡಿದಿಟ್ಟಿದ್ದಾರೆ. ಅವನನ್ನು ಬಿಡಿಸಿಕೊಂಡು ಬರಲು ಸರ್ಕಾರದ ಕಡೆಯಿಂದ ಹೋಗುವವಳು ಅವನ ಅಕ್ಕತಂಗಿಯರಲ್ಲೊಬ್ಬಳು, ಗಂಡು ವೇಷದಲ್ಲಿ. ಕತ್ತಿ ಹಿಡಿದ ಕಾಲದ ಕಥೆಯಾದರೂ ಅವಳ ಕೆಲಸ ಪೊಲೀಸರ ಕೆಲಸವೇ. ಇಲ್ಲಿ ನಾವು ನೆನಪಿಡಬೇಕಾದ ವಿಷಯ ಒಂದಿದೆ. ಚೆಂಗ್ ಪೇ-ಪೇ ಕುಸ್ತಿ ಅಖಾಡದಿಂದ ಬಂದವರಲ್ಲ, ನೃತ್ಯ ಕಲಿತವರು. ತನಗೆ ಬೇಕಾದ ಲಯ ಅವರ ಮೈಯಲ್ಲಿದೆ ಎಂದು ಕಿಂಗ್ ಹು ಕಂಡುಕೊಂಡರು. ಆ ಛತ್ರದ ದೃಶ್ಯದಲ್ಲಿ ಅವಳು ಸುಮ್ನೆ ಕೂತಿರುತ್ತಾಳೆ. ಸುತ್ತ ಗೂಂಡಾಗಳು ಸೇರುತ್ತಾರೆ. ಅವಳು ಕದಲುವುದಿಲ್ಲ. ಕದಲಿದಾಗ ಒಂದೇ ಏಟು, ಮತ್ತೆ ಮೌನ. ಈ ಲಯ ಮುಂದಿನ ಎಲ್ಲ ಚಿತ್ರಗಳಿಗೂ ಬೀಜವಾಯಿತು.

ಇನ್ನೊಂದು ಬೇರು ಪೀಕಿಂಗ್ ಆಪೆರಾ ಎಂಬ ಚೀನೀ ಹಾಡು-ಕುಣಿತದ ರಂಗಕಲೆಯದು. ಹಾಂಗ್‌ಕಾಂಗ್‌ನಲ್ಲಿ ಯು ಜಿಮ್-ಯುಯೆನ್ ಎಂಬ ಗುರು ನಡೆಸುತ್ತಿದ್ದ ಶಾಲೆಯಲ್ಲಿ ಮಕ್ಕಳು ವರ್ಷಗಟ್ಟಲೆ ಲಾಗ, ಪಲ್ಟಿ, ಈಟಿ, ಕತ್ತಿ ಕಲಿಯುತ್ತಿದ್ದರು. ಜಾಕಿ ಚಾನ್, ಸ್ಯಾಮೊ ಹಂಗ್, ಯುಯೆನ್ ಬಿಯಾವೊ, ಕೋರಿ ಯುಯೆನ್ ಎಲ್ಲರೂ ಅಲ್ಲಿಂದ ಬಂದವರು. ಆ ಆಪೆರಾದಲ್ಲಿ ಯುದ್ಧ ಮಾಡುವ ಹೆಣ್ಣಿನದೇ ಒಂದು ಪ್ರತ್ಯೇಕ ಪಾತ್ರವರ್ಗವಿದೆ. ನಮ್ಮ ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಮೀಳೆ, ಮೀನಾಕ್ಷಿ, ಶಶಿಪ್ರಭೆಯರ ಕಸೆ ಸ್ತ್ರೀವೇಷ ರಂಗಕ್ಕೆ ಬಂದಾಗ ಕುಣಿತದ ಗತ್ತೇ ಬೇರೆ, ಅದನ್ನು ಮಾಡುವವರ ತಯಾರಿಯೇ ಬೇರೆ. ಹಾಗಾಗಿ ಹೊಡೆದಾಡುವ ಹೆಣ್ಣಿನ ಪಾತ್ರವನ್ನು ಹೇಗೆ ಕಟ್ಟಬೇಕು ಎಂಬುದು ಹಾಂಗ್‌ಕಾಂಗ್‌ನ ಫೈಟ್ ಮಾಸ್ಟರ್‌ಗಳಿಗೆ ಮೊದಲೇ ಗೊತ್ತಿತ್ತು. ಅವರು ಮಾಡಬೇಕಾಗಿದ್ದು ಅವಳ ಕೈಗೆ ಈಟಿಯ ಬದಲು ಪೊಲೀಸ್ ಐಡಿ ಕಾರ್ಡ್ ಕೊಡುವುದಷ್ಟೇ.

ಆ ಕೆಲಸ ಮಾಡಿದ್ದು ಡಿ ಅಂಡ್ ಬಿ ಎಂಬ ಕಂಪನಿ. 1984ರಲ್ಲಿ ಉದ್ಯಮಿ ಡಿಕ್ಸನ್ ಪೂನ್, ಸ್ಯಾಮೊ ಹಂಗ್, ನಟ ಜಾನ್ ಶಮ್ ಸೇರಿ ಶುರು ಮಾಡಿದರು. ಮರುವರ್ಷವೇ ‘ಯೆಸ್, ಮೇಡಂ!’ ಬಂತು. ನಿರ್ದೇಶಕ ಕೋರಿ ಯುಯೆನ್, ನಿರ್ಮಾಪಕ ಸ್ಯಾಮೊ ಹಂಗ್. ಇಬ್ಬರು ನಾಯಕಿಯರು, ಇಬ್ಬರದೂ ಬೇರೆ ಬೇರೆ ದಾರಿ.

ಮಿಶೆಲ್ ಯೋ ಹುಟ್ಟಿದ್ದು 1962ರಲ್ಲಿ, ಮಲೇಷ್ಯಾದ ಇಪೋದಲ್ಲಿ. ಬ್ಯಾಲೆ ಕಲಿಯಲು ಇಂಗ್ಲೆಂಡಿಗೆ ಹೋದರು. ಬೆನ್ನಿಗೆ ಪೆಟ್ಟಾಗಿ ನರ್ತಕಿಯಾಗುವ ಆಸೆ ಕೈಬಿಡಬೇಕಾಯಿತು. 1983ರಲ್ಲಿ ಮಿಸ್ ಮಲೇಷ್ಯಾ ಆದರು. ಜಾಕಿ ಚಾನ್ ಜೊತೆ ಒಂದು ವಾಚ್ ಜಾಹೀರಾತಿನಲ್ಲಿ ಕಾಣಿಸಿಕೊಂಡರು, ಅಲ್ಲಿಂದ ಸಿನಿಮಾ. ಮೊದಲ ಚಿತ್ರದಲ್ಲಿ ಸಿಕ್ಕಿದ್ದು ಸಾಧಾರಣ ನಾಯಕಿಯ ಪಾತ್ರ. ಪಕ್ಕದಲ್ಲಿ ಗಂಡಸರು ಫೈಟ್ ಮಾಡುವುದನ್ನು ನೋಡುತ್ತಾ ಅವರಿಗೆ ಇದು ಡ್ಯಾನ್ಸ್‌ನಂತೆಯೇ ಎಣಿಕೆಯ ಮೇಲೆ ನಡೆಯುವ ವಿದ್ಯೆ ಎಂದು ಹೊಳೆಯಿತು. ನನಗೂ ಕಲಿಸಿ ಎಂದು ಕೇಳಿದರು. ಕಲಿಸಿದರು. ಆ ಕಾಲದ ಪೋಸ್ಟರ್‌ಗಳಲ್ಲಿ ಅವರ ಹೆಸರು ಮಿಶೆಲ್ ಖಾನ್ ಎಂದಿರುತ್ತದೆ, ಗೊಂದಲ ಬೇಡ, ಇಬ್ಬರೂ ಒಬ್ಬರೇ.

ಸಿಂಥಿಯಾ ರಾಥ್‌ರಾಕ್ ಅವರದು ಪೂರ್ತಿ ಬೇರೆ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಳೆದವರು. ಕೊರಿಯಾದ ತಾಂಗ್ ಸೂ ದೋದಿಂದ ಹಿಡಿದು ಚೀನಾದ ಈಗಲ್ ಕ್ಲಾ ಶೈಲಿಯವರೆಗೆ ಕಲಿತು, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಫಾರ್ಮ್ಸ್ (ಎದುರಾಳಿ ಇಲ್ಲದೆ ಒಬ್ಬರೇ ಪಟ್ಟುಗಳನ್ನು ಮಾಡಿ ತೋರಿಸುವುದು) ಮತ್ತು ಆಯುಧಗಳ ಸ್ಪರ್ಧೆಯಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆದವರು. ಡಿ ಅಂಡ್ ಬಿ ಕಂಪನಿಯವರು ಲಾಸ್ ಏಂಜಲೀಸ್‌ಗೆ ಹೋಗಿದ್ದು ಒಬ್ಬ ಗಂಡು ಫೈಟರ್‌ನನ್ನು ಹುಡುಕಿಕೊಂಡು. ಆಯ್ಕೆಯಾಗಿದ್ದು ಈಕೆ. ಎದುರಾಳಿ ಹಿಂದೆ ನಿಂತಿದ್ದರೆ ರಾಥ್‌ರಾಕ್ ತಿರುಗಿ ನೋಡುವುದೂ ಇಲ್ಲ, ಕಾಲನ್ನು ತಮ್ಮ ತಲೆಯ ಮೇಲಿಂದ ತಂದು ಹಿಂದಿನವನ ಮುಖಕ್ಕೆ ಒದೆಯುತ್ತಾರೆ. ಇದನ್ನು ಕ್ಯಾಮೆರಾ ಚಮತ್ಕಾರದಿಂದ ಮಾಡಲಾಗುವುದಿಲ್ಲ. ಮೈ ಬಗ್ಗಬೇಕು, ಅಷ್ಟೇ.

ಈಗ ಈ ಫೈಟ್‌ಗಳನ್ನು ತೆಗೆಯುತ್ತಿದ್ದ ಬಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಮಾತಿನ ತಿರುಳು ಇಲ್ಲಿದೆ.

ಆಗ ಹಾಂಗ್‌ಕಾಂಗ್‌ನಲ್ಲಿ ಶೂಟಿಂಗ್ ಜಾಗದಲ್ಲೇ ಧ್ವನಿ ದಾಖಲಿಸುವ ಪದ್ಧತಿ ಇರಲಿಲ್ಲ. ಮಾತು, ಏಟಿನ ಸದ್ದು, ಎಲ್ಲವೂ ಆಮೇಲೆ ಡಬ್ಬಿಂಗ್‌ನಲ್ಲಿ. ಹಾಗಾಗಿ ಫೈಟ್ ನಡೆಯುವಾಗಲೇ ಫೈಟ್ ಮಾಸ್ಟರ್ ಪಕ್ಕದಲ್ಲಿ ನಿಂತು ಕೂಗಿ ಕೂಗಿ ಲೆಕ್ಕ ಹೇಳಬಹುದಿತ್ತು. ಫೈಟ್ ಶುರುವಾದ ಮೇಲೆ ಸೆಟ್ಟಿನ ಯಜಮಾನಿಕೆ ಅವನದು. ಕ್ಯಾಮೆರಾ ಎಲ್ಲಿಡಬೇಕು, ಎಲ್ಲಿ ಕಟ್ ಮಾಡಬೇಕು ಎನ್ನುವುದು ಅವನ ತಲೆಯಲ್ಲಿ. ಪೂರ್ತಿ ಫೈಟನ್ನು ಒಂದೇ ಬಾರಿ ಆಡಿಸಿ ನಾಲ್ಕು ಕಡೆಯಿಂದ ಹಿಡಿಯುತ್ತಿರಲಿಲ್ಲ. ಐದಾರು ಏಟುಗಳ ಒಂದು ತುಂಡು. ಆ ತುಂಡು ಯಾವ ಕೋನದಿಂದ ಚೆನ್ನಾಗಿ ಕಾಣುತ್ತದೋ ಅಲ್ಲಿಂದ ಮಾತ್ರ. ಸರಿ ಬರುವವರೆಗೂ ಅದೇ. ಆಮೇಲೆ ಮುಂದಿನ ತುಂಡು. ಕ್ಯಾಮೆರಾವನ್ನು ಸ್ವಲ್ಪ ನಿಧಾನವಾಗಿ ಓಡಿಸುತ್ತಿದ್ದರು, ತೆರೆಯ ಮೇಲೆ ಬಂದಾಗ ಚಲನೆ ತುಸು ಚುರುಕಾಗಿ ಕಾಣಲಿ ಎಂದು. ಬಟ್ಟೆಯ ಮೇಲೆ ಪುಡಿ ಉದುರಿಸಿರುತ್ತಿದ್ದರು. ಒದೆ ಬಿದ್ದಾಗ ಪುಡಿ ಹಾರುತ್ತದೆ, ಒದೆ ತಾಗಿದೆ ಎಂದು ಕಣ್ಣಿಗೆ ಖಾತ್ರಿಯಾಗುತ್ತದೆ.

ಇದರಿಂದ ನಟಿಯ ಪಾಲಿಗೆ ಏನಾಯಿತು ನೋಡಿ. ಅಡಿಯಿಂದ ಮುಡಿವರೆಗೆ ಅವರು ಫ್ರೇಮಿನಲ್ಲಿರಬೇಕು. ಮುಖದ ಕ್ಲೋಸಪ್ ಹಾಕಿ, ಒಂದು ಮುಷ್ಟಿ ತೋರಿಸಿ, ಆಮೇಲೆ ರೌಡಿಯೊಬ್ಬ ಗಾಳಿಯಲ್ಲಿ ಹಾರುವುದನ್ನು ತೋರಿಸಿದರೆ ಆ ಊರಿನ ಪ್ರೇಕ್ಷಕ ಒಪ್ಪುತ್ತಿರಲಿಲ್ಲ. ಅವನಿಗೆ ಕಾಲು ಎಲ್ಲಿಂದ ಹೊರಟಿತು, ಎಲ್ಲಿ ತಾಗಿತು, ಎರಡೂ ಒಂದೇ ಶಾಟ್‌ನಲ್ಲಿ ಬೇಕು. ಆ ಬೇಡಿಕೆಯೇ ನಟಿಯನ್ನು ಅಲಂಕಾರದ ಜಾಗದಿಂದ ಕೆಲಸದ ಜಾಗಕ್ಕೆ ತಂದಿತು. ಕ್ಯಾಮೆರಾಕ್ಕೆ ಅವಳ ಸೊಂಟ ನೋಡಲು ಪುರುಸೊತ್ತಿರಲಿಲ್ಲ. ಅದು ಅವಳ ಹೆಜ್ಜೆ ನೋಡುತ್ತಿತ್ತು.

ಡ್ಯೂಪ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ತೀರಾ ಅಪಾಯದ ಶಾಟ್‌ಗಳಲ್ಲಿ ವಿಗ್ ಹಾಕಿದ ಗಂಡು ಫೈಟರ್‌ಗಳು ಬಿದ್ದಿದ್ದಾರೆ. ಈಗಿನ ಸ್ವಚ್ಛ ಪ್ರಿಂಟ್‌ಗಳಲ್ಲಿ ನಿಲ್ಲಿಸಿ ನೋಡಿದರೆ ಕೆಲವು ಕಡೆ ಸ್ಪಷ್ಟವಾಗಿ ಕಾಣುತ್ತದೆ. ಅದರಿಂದ ನನಗೆ ಈ ಚಿತ್ರಗಳ ಬೆಲೆ ಕಡಿಮೆಯಾಗಿಲ್ಲ. ಜಾಕಿ ಚಾನ್ ಚಿತ್ರಗಳಲ್ಲೂ ಡ್ಯೂಪ್‌ಗಳಿದ್ದಾರೆ. ಉಳಿದ ನೂರಾರು ಏಟುಗಳಲ್ಲಿ ಮುಖ, ಕೈ, ಕಾಲು ಮೂರೂ ಆ ನಟಿಯದೇ.

ಎರಡನೆಯ ವಿಷಯ ಕಥೆಯದು. ‘ಯೆಸ್, ಮೇಡಂ!’ ಕಥೆ ದೊಡ್ಡದೇನಲ್ಲ. ಒಂದು ಮೈಕ್ರೊಫಿಲಂ, ಅದನ್ನು ಗೊತ್ತಿಲ್ಲದೆ ಕದ್ದ ಮೂವರು ಚಿಲ್ಲರೆ ಕಳ್ಳರು, ಅದರ ಹಿಂದೆ ಬಿದ್ದ ವಿಲನ್. ಮಿಶೆಲ್ ಪಾತ್ರ ಇನ್‌ಸ್ಪೆಕ್ಟರ್ ಎಂಗ್, ರಾಥ್‌ರಾಕ್ ಪಾತ್ರ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಬಂದ ಅಧಿಕಾರಿ. ಇವರು ಯಾಕೆ ಪೊಲೀಸರಾದರು ಎಂದು ಚಿತ್ರ ಒಂದು ಮಾತೂ ಹೇಳುವುದಿಲ್ಲ. ಅಪ್ಪನನ್ನು ಯಾರೋ ಕೊಂದಿರುವುದಿಲ್ಲ. ಮಾನಕ್ಕೆ ಕುಂದು ತಂದ ದುಷ್ಟನ ಮೇಲೆ ಸೇಡಿಲ್ಲ. ಬೆಳಗ್ಗೆ ಎದ್ದು ಡ್ಯೂಟಿಗೆ ಬಂದಿದ್ದಾರೆ, ಅಷ್ಟೇ. ಗಂಡು ಪೊಲೀಸ್ ಕಥೆಗಳಲ್ಲಿ ಇದು ಮಾಮೂಲು. ಹೆಣ್ಣು ಪೊಲೀಸಳಿಗೆ ಮಾತ್ರ ಎಲ್ಲ ಕಡೆಯೂ ಒಂದು ಹಳೆಯ ಗಾಯ ಹುಡುಕಿ ಅಂಟಿಸುತ್ತಾರೆ. ಈ ಚಿತ್ರ ಅಂಟಿಸುವುದಿಲ್ಲ. ಹಾಂಗ್‌ಕಾಂಗ್ ಪೊಲೀಸ್ ಇಲಾಖೆಗೆ ಹೆಣ್ಣುಮಕ್ಕಳು ಬಂದಿದ್ದು 1949ರಲ್ಲಿ. 1985ರ ಹೊತ್ತಿಗೆ ಅಲ್ಲಿನ ಜನರಿಗೆ ಲೇಡಿ ಇನ್‌ಸ್ಪೆಕ್ಟರ್ ಎಂದರೆ ಬೆರಗುಪಡುವ ವಿಷಯವಾಗಿರಲಿಲ್ಲ. ಆ ನಿರಾಳತೆ ಚಿತ್ರಕ್ಕೂ ಬಂದಿದೆ.

ಆದರೆ ಇದೇ ಚಿತ್ರದಲ್ಲಿ ನನಗೆ ಬೇಸರ ತರುವುದೂ ಇದೆ. ಆ ಮೂವರು ಕಳ್ಳರಿದ್ದಾರಲ್ಲ, ಆಸ್ಪ್ರಿನ್, ಸ್ಟ್ರೆಪ್ಸಿಲ್, ಪನಾಡಾಲ್ ಎಂದು ಮಾತ್ರೆಗಳ ಹೆಸರಿನವರು, ಅವರ ಕಾಮಿಡಿ ಚಿತ್ರದ ಬಹುಪಾಲು ತಿಂದುಹಾಕುತ್ತದೆ. ನಾಯಕಿಯರಿಬ್ಬರು ಎಷ್ಟೋ ಹೊತ್ತು ತೆರೆಯ ಮೇಲೆ ಇರುವುದೇ ಇಲ್ಲ. ನಿರ್ಮಾಪಕರಿಗೆ ಇಬ್ಬರು ಹೊಸ ಹುಡುಗಿಯರ ಮೇಲೆ ಪೂರ್ತಿ ಭಾರ ಹಾಕುವ ಧೈರ್ಯ ಬಂದಿರಲಿಲ್ಲ ಎಂದು ನನ್ನ ಊಹೆ. ಮರುವರ್ಷದ ‘ರಾಯಲ್ ವಾರಿಯರ್ಸ್’ ಹೊತ್ತಿಗೆ ಆ ಧೈರ್ಯ ಬಂದಿತ್ತು. ಅಲ್ಲಿ ಮಿಶೆಲ್ ಒಬ್ಬರೇ ನಾಯಕಿ, ಕಥೆಯ ತೂಕ ಅವರದೇ. ಜಪಾನಿನ ಹಿರೊಯುಕಿ ಸನಾಡಾ ಮತ್ತು ಮೈಕಲ್ ವಾಂಗ್ ಜೊತೆಗಿದ್ದಾರೆ. ವಿಲನ್ ಎತ್ತರದ ಕಟ್ಟಡದಿಂದ ನೇತುಹಾಕಿ ಒತ್ತೆ ಇಡುವುದು ಯಾರನ್ನು ಗೊತ್ತೇ? ನಾಯಕಿಯ ಹಿಂದೆ ಬಿದ್ದಿರುವ ಹುಡುಗನನ್ನು. ಬಿಡಿಸಲು ಓಡುವವಳು ಅವಳು.

1986ರಲ್ಲೇ ಕೋರಿ ಯುಯೆನ್ ಮಾಡಿದ ‘ರೈಟಿಂಗ್ ರಾಂಗ್ಸ್’ ನನಗೆ ಇವೆಲ್ಲಕ್ಕಿಂತ ದೊಡ್ಡ ಚಿತ್ರ ಅನ್ನಿಸುತ್ತದೆ. ಸಾಕ್ಷಿಗಳನ್ನು ಕೊಂದು ತಪ್ಪಿಸಿಕೊಳ್ಳುವ ಅಪರಾಧಿಗಳನ್ನು ಕಂಡು ರೋಸಿಹೋದ ಸರ್ಕಾರಿ ವಕೀಲನೊಬ್ಬ ತಾನೇ ಶಿಕ್ಷೆ ಕೊಡಲು ಹೊರಡುತ್ತಾನೆ. ಅದು ಯುಯೆನ್ ಬಿಯಾವೊ. ಅವನನ್ನು ಹಿಡಿಯಬೇಕಾದ ಅಧಿಕಾರಿ ರಾಥ್‌ರಾಕ್. ನಮ್ಮ ಮನಸ್ಸು ವಕೀಲನ ಕಡೆಗಿರುತ್ತದೆ, ಆದರೆ ಕಾನೂನು ಅವಳ ಕಡೆಗಿದೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಒಬ್ಬರಿಗೊಬ್ಬರು ಅಡ್ಡ. ಮಾಜಾಂಗ್ ಆಡುವ ಅಡ್ಡೆಯೊಂದರಲ್ಲಿ ಅವಳ ಫೈಟ್ ಇದೆ. ಅಲ್ಲಿ ಅವಳ ಆಯುಧ ಬೇಡಿ. ಹೊಡೆಯುತ್ತಾ ಹೊಡೆಯುತ್ತಾ ಒಬ್ಬೊಬ್ಬರಿಗೆ ಬೇಡಿ ತೊಡಿಸುತ್ತಾ ಹೋಗುತ್ತಾಳೆ. ಇದು ನನಗೆ ತುಂಬಾ ಇಷ್ಟವಾದ ಯೋಚನೆ. ಅವಳ ಉದ್ದೇಶ ಹೊಡೆಯುವುದಲ್ಲ, ಬಂಧಿಸುವುದು. ಫೈಟ್‌ನ ಒಂದೊಂದು ಪಟ್ಟಿನಲ್ಲೂ ಅವಳ ಉದ್ಯೋಗ ಕಾಣುತ್ತದೆ. ಪೊಲೀಸ್ ಪಾತ್ರ ಎಂದು ಬರೆದು, ಫೈಟ್ ಮಾತ್ರ ಯಾವ ಪಾತ್ರಕ್ಕೂ ಹೊಂದುವಂತೆ ಇಟ್ಟರೆ ಈ ರುಚಿ ಸಿಗುವುದಿಲ್ಲ.

ಇನ್ನು 1990ರ ‘ಶೀ ಶೂಟ್ಸ್ ಸ್ಟ್ರೈಟ್’. ಇದೂ ಕೋರಿ ಯುಯೆನ್ ಅವರದೇ. ಇದನ್ನು ನೋಡಿದವರು ಕಡಿಮೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಚೀನಾದಲ್ಲಿ ಯಾಂಗ್ ಮನೆತನದ ಸೇನಾನಿಗಳ ಕಥೆ ಎಂದು ಒಂದು ಹಳೆಯ ಐತಿಹ್ಯ ಇದೆ. ಗಂಡಸರೆಲ್ಲ ಯುದ್ಧದಲ್ಲಿ ಸತ್ತ ಮೇಲೆ ಮನೆಯ ಹೆಣ್ಣುಮಕ್ಕಳು, ಅತ್ತೆ, ಸೊಸೆಯಂದಿರು ಆಯುಧ ಹಿಡಿಯುತ್ತಾರೆ. ಆ ಕಥೆಯನ್ನು ಇಲ್ಲಿ ಹಾಂಗ್‌ಕಾಂಗ್‌ನ ಒಂದು ಪೊಲೀಸ್ ಕುಟುಂಬಕ್ಕೆ ಹೊಂದಿಸಿದ್ದಾರೆ. ಜಾಯ್ಸ್ ಗೊಡೆಂಜಿ ಆ ಮನೆಗೆ ಸೊಸೆಯಾಗಿ ಬರುತ್ತಾಳೆ. ಗಂಡ ಪೊಲೀಸ್ ಅಧಿಕಾರಿ, ಇವಳೂ ಪೊಲೀಸ್, ನಾದಿನಿಯರೂ ಪೊಲೀಸ್. ಕರೀನಾ ಲಾವ್ ಮಾಡಿರುವ ನಾದಿನಿಗೆ ಈ ಅತ್ತಿಗೆಯನ್ನು ಕಂಡರೆ ಆಗುವುದಿಲ್ಲ. ಮನೆಯಲ್ಲೂ ಜಗಳ, ಡ್ಯೂಟಿಯಲ್ಲೂ ಜಗಳ. ಮನೆಗೆ ಒಬ್ಬನೇ ಗಂಡುಮಗ. ಅವನು ಕರ್ತವ್ಯದಲ್ಲಿ ಸಾಯುತ್ತಾನೆ.

ಅವನು ಸತ್ತ ದಿನ ಅತ್ತೆಯ ಹುಟ್ಟುಹಬ್ಬದ ಊಟ ನಡೆಯುತ್ತಿರುತ್ತದೆ. ನೆಂಟರು ಸೇರಿದ್ದಾರೆ. ಸೊಸೆಗೂ ನಾದಿನಿಗೂ ಸುದ್ದಿ ಗೊತ್ತು, ಅತ್ತೆಗೆ ಗೊತ್ತಿಲ್ಲ. ಆ ಅತ್ತೆ ಪಾತ್ರ ಮಾಡಿದವರು ಟಾಂಗ್ ಪಿಕ್-ವಾನ್, ಕ್ಯಾಂಟನೀಸ್ ಆಪೆರಾದ ಹಿರಿಯ ಕಲಾವಿದೆ. ನಗುತ್ತಾ ಎಲ್ಲರನ್ನೂ ಮಾತಾಡಿಸುತ್ತಿರುವ ಮುಖ. ಹುಡುಗಿಯರಿಬ್ಬರು ಅಳು ನುಂಗಿಕೊಂಡು ಅವರ ಮುಂದೆ ನಿಂತಿದ್ದಾರೆ. ಫೈಟ್ ಸಿನಿಮಾ ಎಂದು ಮೂಗು ಮುರಿಯುವವರಿಗೆ ನಾನು ಮೊದಲು ತೋರಿಸುವುದು ಈ ದೃಶ್ಯ. ಇಲ್ಲಿ ಒಂದು ಏಟೂ ಇಲ್ಲ. ಆದರೆ ಇದಾದ ಮೇಲೆ ಬರುವ ಒಂದೊಂದು ಏಟಿಗೂ ಅರ್ಥ ಬರುವುದು ಇದರಿಂದ. ಸ್ವಲ್ಪ ಹೊತ್ತಿನ ಹಿಂದೆ ಹಳೆಯ ಗಾಯ ಅಂಟಿಸದಿರುವುದೇ ಒಳ್ಳೆಯದು ಎಂದೆ. ಈ ಚಿತ್ರದಲ್ಲಿ ಗಾಯ ಇದೆ, ಸೇಡೂ ಇದೆ. ಆದರೂ ಇದನ್ನು ಮೆಚ್ಚುತ್ತೇನೆ. ಯಾಕೆಂದರೆ ಆ ಗಾಯದಿಂದ ಅವಳು ಪೊಲೀಸ್ ಆದದ್ದಲ್ಲ. ಗಂಡ ಸಾಯುವ ಮೊದಲೇ ಅವಳು ಒಳ್ಳೆಯ ಅಧಿಕಾರಿ, ಅದೇ ನಾದಿನಿಯ ಹೊಟ್ಟೆಕಿಚ್ಚಿಗೂ ಕಾರಣ.

ಇಷ್ಟು ಹೊತ್ತು ಹೊಗಳಿದೆ. ಇದಕ್ಕೆಲ್ಲ ತೆತ್ತ ಬೆಲೆಯನ್ನೂ ಹೇಳಬೇಕು. 1989ರ ‘ಡೆವಿಲ್ ಹಂಟರ್ಸ್’ ಚಿತ್ರದ ಕೊನೆಯಲ್ಲಿ ಒಂದು ಸ್ಫೋಟ ಇದೆ. ಹಾರಿ ತಪ್ಪಿಸಿಕೊಳ್ಳಬೇಕಾಗಿದ್ದ ನಟಿಯರು ಮೂನ್ ಲೀ ಮತ್ತು ಸಿಬೆಲ್ ಹೂ ಇಬ್ಬರಿಗೂ ನಿಜವಾಗಿ ಬೆಂಕಿ ತಗುಲಿ ಸುಟ್ಟ ಗಾಯಗಳಾದವು. ಆ ಶಾಟ್ ಚಿತ್ರದಲ್ಲಿ ಹಾಗೆಯೇ ಇದೆ. ನನಗೆ ಅದನ್ನು ನೋಡಲಾಗುವುದಿಲ್ಲ, ಇವತ್ತು ಇಲ್ಲಿ ತೋರಿಸಲೂ ಇಲ್ಲ. ಸುರಕ್ಷತೆಯ ನಿಯಮ ಬಿಗಿಯಾಗಿದ್ದ ಉದ್ಯಮದಲ್ಲಿ ಇದು ಆಗುತ್ತಿರಲಿಲ್ಲ. 1996ರಲ್ಲಿ ಆನ್ ಹುಯಿ ಸ್ಟಂಟ್ ಮಾಡುವ ಹೆಂಗಸೊಬ್ಬಳ ಬದುಕಿನ ಬಗ್ಗೆಯೇ ಚಿತ್ರ ಮಾಡಿದರು, ಮಿಶೆಲ್ ಯೋ ನಾಯಕಿ. ಅದರ ಶೂಟಿಂಗ್‌ನಲ್ಲಿ ಸೇತುವೆಯ ಮೇಲಿಂದ ಜಿಗಿಯುವಾಗ ಬಿದ್ದು ಅವರಿಗೆ ತೀವ್ರ ಪೆಟ್ಟಾಯಿತು. ಈ ಫೈಟ್‌ಗಳ ಸತ್ಯವನ್ನು ಮೆಚ್ಚುವ ನಾವು ಈ ಪೆಟ್ಟುಗಳ ಲೆಕ್ಕವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹಾಗೆಂದು ಆ ನೋವನ್ನೇ ಸಂಭ್ರಮಿಸುವುದು ನನಗೆ ಸರಿ ಕಾಣುವುದಿಲ್ಲ. ಪಲ್ಟಿ ಹೊಡೆದದ್ದು ಕಲೆ. ಬೆಂಕಿ ತಗುಲಿದ್ದು ಯಾರದೋ ಬೇಜವಾಬ್ದಾರಿ.

1988ರಲ್ಲಿ ಮಿಶೆಲ್ ಯೋ ಡಿಕ್ಸನ್ ಪೂನ್ ಅವರನ್ನು ಮದುವೆಯಾಗಿ ನಟನೆ ಬಿಟ್ಟರು. ಕಂಪನಿಗೆ ಆ ಜಾಗ ತುಂಬಬೇಕಿತ್ತು. ತೈವಾನ್‌ನಿಂದ ಯಾಂಗ್ ಲಿ-ಚಿಂಗ್ ಎಂಬ ಹುಡುಗಿಯನ್ನು ತಂದರು. ಸಿಂಥಿಯಾ ರಾಥ್‌ರಾಕ್‌ರ ಮೊದಲ ಹೆಸರು, ಮಿಶೆಲ್ ಖಾನ್‌ರ ಎರಡನೆಯ ಹೆಸರು ಎರಡನ್ನೂ ಸೇರಿಸಿ ಆಕೆಗೆ ಸಿಂಥಿಯಾ ಖಾನ್ ಎಂದು ಹೆಸರಿಟ್ಟರು. ಕಂಪನಿ ಇವರನ್ನು ಬದಲಿ ಸರಕಿನಂತೆ ಕಂಡಿತು ಎಂದು ನನಗೆ ಇದು ನೋವಾಗುವ ವಿಷಯ. ಆದರೆ ಆಕೆ ಆ ಹೆಸರನ್ನು ತಮ್ಮದೇ ಮಾಡಿಕೊಂಡರು. 1989ರ ‘ಇನ್ ದ ಲೈನ್ ಆಫ್ ಡ್ಯೂಟಿ 4’ ನೋಡಿ. ನಿರ್ದೇಶಕ ಯುಯೆನ್ ವೂ-ಪಿಂಗ್. ಹತ್ತು ವರ್ಷದ ಮೇಲೆ ಹಾಲಿವುಡ್‌ನ ‘ಮೇಟ್ರಿಕ್ಸ್’ಗೆ ಫೈಟ್ ಹೇಳಿಕೊಟ್ಟವರು ಇವರೇ. ತೆರೆಯ ಮೇಲೆ ಆಕೆಯ ಜೊತೆಗೆ ನಟ ಡಾನಿ ಯೆನ್. ಓಡುವ ಆಂಬ್ಯುಲೆನ್ಸ್‌ಗೆ ಅಂಟಿಕೊಂಡು ಸಿಂಥಿಯಾ ಖಾನ್ ಮಾಡುವ ಫೈಟ್ ಈ ಇಡೀ ಪರಂಪರೆಯ ಮೊದಲ ಸಾಲಿನಲ್ಲಿ ನಿಲ್ಲುತ್ತದೆ.

ಇದೇ ಕಾಲಕ್ಕೆ ಜಪಾನಿನಿಂದ ಬಂದ ಕರಾಟೆ ಪಟು ಯುಕಾರಿ ಓಶಿಮಾ ಹಲವು ಚಿತ್ರಗಳಲ್ಲಿ ಮೂನ್ ಲೀಗೆ ಎದುರಾಳಿಯಾಗಿಯೋ ಜೊತೆಗಾತಿಯಾಗಿಯೋ ಮಿಂಚಿದರು. 1987ರ ‘ಏಂಜೆಲ್’ನಲ್ಲಿ ಇವರಿಬ್ಬರ ಕೊನೆಯ ಹೊಡೆದಾಟ ಅಂದವೇನೂ ಇಲ್ಲದ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದುಕೊಳ್ಳುವ ನಿಜವಾದ ಜಗಳ. ಯಶಸ್ಸು ಕಂಡ ಎಲ್ಲರೂ ನುಗ್ಗಿದರು, ಅಗ್ಗದ ಚಿತ್ರಗಳು ಸಾಲುಗಟ್ಟಿ ಬಂದವು. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಪ್ರೇಕ್ಷಕ ಹಗ್ಗ ಕಟ್ಟಿ ಹಾರುವ ಪೌರಾಣಿಕ ಚಿತ್ರಗಳ ಕಡೆ ತಿರುಗಿದ್ದ, ಹಾಂಗ್‌ಕಾಂಗ್ ಉದ್ಯಮವೇ ಕುಸಿಯುತ್ತಿತ್ತು.

ಅದಕ್ಕೆ ಮುಂಚೆ ಒಂದು ದೊಡ್ಡ ಅಲೆ ಎದ್ದಿತು. 1992ರಲ್ಲಿ ವಿಚ್ಛೇದನದ ನಂತರ ಮಿಶೆಲ್ ಯೋ ‘ಪೊಲೀಸ್ ಸ್ಟೋರಿ 3’ ಮೂಲಕ ಮರಳಿದರು. ನಿರ್ದೇಶಕ ಸ್ಟಾನ್ಲಿ ಟಾಂಗ್, ನಾಯಕ ಜಾಕಿ ಚಾನ್. ಮಿಶೆಲ್ ಇಲ್ಲಿ ಚೀನಾ ಸರ್ಕಾರದ ಪೊಲೀಸ್ ಅಧಿಕಾರಿ. ಬ್ರಿಟಿಷ್ ಹಾಂಗ್‌ಕಾಂಗ್‌ನಿಂದ ಹೋದ ಜಾಕಿ ಇವಳ ಕೈಕೆಳಗೆ ಕೆಲಸ ಮಾಡಬೇಕು. ಹಾಂಗ್‌ಕಾಂಗ್ ಚೀನಾಕ್ಕೆ ಮರಳಲು ಐದು ವರ್ಷ ಉಳಿದಿತ್ತು. ಗಡಿಯಾಚೆಯ ಅಧಿಕಾರಿ ಹೇಗಿರಬಹುದು ಎಂಬ ಅಳುಕು ಅಲ್ಲಿನ ಜನರಲ್ಲಿ ಇದ್ದೇ ಇತ್ತು. ಅವಳು ಶಿಸ್ತಿನ ಸಿಪಾಯಿ, ಆದರೆ ಬಿಗುಮಾನ ಬಿಟ್ಟರೆ ನಂಬಬಹುದಾದ ಗೆಳತಿ ಎಂದು ಆ ಪಾತ್ರ ಹೇಳುತ್ತದೆ. ಚಿತ್ರದ ಕೊನೆಯಲ್ಲಿ ಕ್ವಾಲಾಲಂಪುರದಲ್ಲಿ ಜಾಕಿ ಹೆಲಿಕಾಪ್ಟರ್ ಏಣಿಗೆ ಜೋತುಬಿದ್ದಿದ್ದಾರೆ. ಮಿಶೆಲ್ ಬೈಕ್ ಓಡಿಸಿಕೊಂಡು ಹೋಗಿ ಓಡುತ್ತಿರುವ ರೈಲಿನ ನೆತ್ತಿಯ ಮೇಲೆ ಹಾರುತ್ತಾರೆ. ಬೈಕ್ ಓಡಿಸಲು ಅವರು ಕಲಿತದ್ದೇ ಈ ಚಿತ್ರಕ್ಕಾಗಿ. ಹೆಸರುಗಳು ಮೂಡುವಾಗ ಪಕ್ಕದಲ್ಲಿ ತಪ್ಪಿದ ಟೇಕ್‌ಗಳನ್ನು ತೋರಿಸುತ್ತಾರೆ. ಒಂದರಲ್ಲಿ ಮಿಶೆಲ್ ಕಾರಿನ ಬಾನೆಟ್ ಮೇಲೆ ಬಿದ್ದು ಅಲ್ಲಿಂದ ರಸ್ತೆಗೆ ಜಾರುತ್ತಾರೆ, ಜಾಕಿ ಕೈ ಚಾಚಿದರೂ ಸಿಗುವುದಿಲ್ಲ. 2023ರಲ್ಲಿ ಅವರು ಅತ್ಯುತ್ತಮ ನಟಿ ಆಸ್ಕರ್ ಪಡೆದಾಗ ನನಗೆ ನೆನಪಾದದ್ದು ಆ ಜಾರಿದ ಟೇಕ್. ಅದಾದ ಮೇಲೆ ಅವರು ಮತ್ತೆ ಆ ಶಾಟ್ ಮಾಡಿದ್ದರು.

ನಮ್ಮ ಕಡೆಗೆ ಬರೋಣ, ಯಾಕೆಂದರೆ ಈ ಪ್ರಶ್ನೆ ನಿಮ್ಮ ತಲೆಯಲ್ಲೂ ಓಡುತ್ತಿರಬೇಕು. ಕಿರಣ್ ಬೇಡಿ ಐಪಿಎಸ್ ಸೇರಿದ್ದು 1972ರಲ್ಲಿ. 1990ರ ತೆಲುಗು ‘ಕರ್ತವ್ಯಂ’ನಲ್ಲಿ ವಿಜಯಶಾಂತಿ ಪೊಲೀಸ್ ಅಧಿಕಾರಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ಮಾಲಾಶ್ರೀ. 1989ರ ‘ನಂಜುಂಡಿ ಕಲ್ಯಾಣ’ದಿಂದ ಬಂದವರು, ಮುಂದೆ ‘ದುರ್ಗಿ’, ‘ಕಿರಣ್ ಬೇಡಿ’, ‘ಶಕ್ತಿ’ ಹೀಗೆ ಫೈಟ್ ಚಿತ್ರಗಳ ಒಂದು ಸಾಲನ್ನೇ ಹೆಗಲ ಮೇಲೆ ಹೊತ್ತರು. 2009ರ ‘ಕಿರಣ್ ಬೇಡಿ’ಯಲ್ಲಿ ಪೊಲೀಸ್ ಅಧಿಕಾರಿ. ಆ ಹೆಸರುಗಳನ್ನೇ ನೋಡಿ. ನಮ್ಮಲ್ಲಿ ಹೊಡೆಯುವ ಹೆಣ್ಣು ದೇವಿಯಾಗಬೇಕು. ಅವಳ ಕೋಪ ದೇವಿಯ ಕೋಪ, ಹಿನ್ನೆಲೆಯಲ್ಲಿ ಗಂಟೆ, ಕುಂಕುಮ, ಸಿಂಹ. ಥಿಯೇಟರಿನಲ್ಲಿ ಅದು ಮೈ ಜುಮ್ಮೆನ್ನಿಸುತ್ತದೆ, ನಿಜ. ನಾನೂ ಶಿಳ್ಳೆ ಹೊಡೆದಿದ್ದೇನೆ. ಆದರೆ ದೇವಿಗೆ ಏಟು ಬೀಳುವಂತಿಲ್ಲ, ಅವಳು ಸೋತು ಏಳುವಂತಿಲ್ಲ. ಹಾಗಾಗಿ ಅವಳ ಫೈಟ್‌ನಲ್ಲಿ ಎದುರಾಳಿಗಳು ತಾವಾಗಿಯೇ ಹಾರುತ್ತಾರೆ. ಮಾಲಾಶ್ರೀ ಅವರಿಗೆ ಇದ್ದ ಕಸುವು, ನಿರ್ಭಯ, ಪ್ರೇಕ್ಷಕನ ಕಣ್ಣಿಗೆ ಕಣ್ಣಿಟ್ಟು ನೋಡುವ ಗತ್ತು ಯಾವ ಹಾಂಗ್‌ಕಾಂಗ್ ನಟಿಗೂ ಕಡಿಮೆಯದ್ದಲ್ಲ. ಅವರಿಗೆ ಕೋರಿ ಯುಯೆನ್‌ನಂಥ ಒಬ್ಬ ಫೈಟ್ ಮಾಸ್ಟರ್, ಒಂದು ಫೈಟ್‌ಗೆ ಬೇಕಾದಷ್ಟು ದಿನ, ಸ್ವಲ್ಪ ಹಿಂದೆ ಸರಿದು ನಿಂತ ಒಂದು ಕ್ಯಾಮೆರಾ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಈಗಿನ ನಮ್ಮ ಹುಡುಗಿಯರಲ್ಲಿ ಕರಾಟೆ, ಟೇಕ್ವಾಂಡೊ, ಕಳರಿ ಕಲಿತವರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ದೇವಿ ಮಾಡಬೇಡಿ, ಸಬ್‌ಇನ್‌ಸ್ಪೆಕ್ಟರ್ ಮಾಡಿ ಎಂದು ನಮ್ಮ ಬರಹಗಾರರಿಗೆ ಕೈಮುಗಿದು ಕೇಳುತ್ತೇನೆ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆ: ಎಲ್ಲಿಂದ ಶುರು ಮಾಡಬೇಕು, ಹೆಸರುಗಳೇ ಗೋಜಲು.

ಗೋಜಲು ನಿಜ. ‘ಇನ್ ದ ಲೈನ್ ಆಫ್ ಡ್ಯೂಟಿ’ ಸರಣಿಯಲ್ಲಿ ನೇರವಾಗಿ ಮೂರು, ನಾಲ್ಕು ಎಂದಿರುತ್ತದೆ. ಒಂದು, ಎರಡು ಎಲ್ಲಿ ಎಂದು ಹುಡುಕಿದರೆ ಅವು ‘ರಾಯಲ್ ವಾರಿಯರ್ಸ್’ ಮತ್ತು ‘ಯೆಸ್, ಮೇಡಂ!’. ಹೊರದೇಶಗಳಲ್ಲಿ ಮಾರುವಾಗ ಎರಡನೆಯದನ್ನು ಮೊದಲು ಮಾಡಿ ಸಂಖ್ಯೆ ಕೊಟ್ಟರು. ಕಥೆಗಳಿಗೆ ಸಂಬಂಧವಿಲ್ಲ, ಹೇಗೆ ನೋಡಿದರೂ ನಡೆಯುತ್ತದೆ. ಹೊಸಬರು ‘ಪೊಲೀಸ್ ಸ್ಟೋರಿ 3’ರಿಂದ ಶುರು ಮಾಡಿ, ಆಮೇಲೆ ‘ಇನ್ ದ ಲೈನ್ ಆಫ್ ಡ್ಯೂಟಿ 4’. ಅಭ್ಯಾಸವಾದ ಮೇಲೆ ‘ಶೀ ಶೂಟ್ಸ್ ಸ್ಟ್ರೈಟ್’. ಇಂಗ್ಲಿಷ್ ಡಬ್ಬಿಂಗ್ ಬೇಡ, ಕ್ಯಾಂಟನೀಸ್ ಧ್ವನಿ ಇಟ್ಟುಕೊಂಡು ಸಬ್‌ಟೈಟಲ್ ಓದಿ. ‘ರೈಟಿಂಗ್ ರಾಂಗ್ಸ್’ ವಿಷಯದಲ್ಲಿ ಮಾತ್ರ ಎಚ್ಚರ. ಅದಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿವೆ. ಹಾಂಗ್‌ಕಾಂಗ್‌ನಲ್ಲಿ ತೆರೆಕಂಡದ್ದು ತುಂಬಾ ಕಠೋರ, ಬೇರೆ ಮಾರುಕಟ್ಟೆಗಳಿಗೆ ಅದನ್ನು ಬದಲಾಯಿಸಿದರು. ಮೊದಲು ಹಾಂಗ್‌ಕಾಂಗ್ ಆವೃತ್ತಿಯನ್ನೇ ನೋಡಿ, ಆಮೇಲೆ ಇನ್ನೊಂದನ್ನು. ಆ ಅಧಿಕಾರಿಗೆ ಯಾವ ಅಂತ್ಯ ನ್ಯಾಯ ಕೊಡುತ್ತದೆ ಎಂದು ಮುಂದಿನ ಸಲ ಸೇರಿದಾಗ ನೀವು ಮಾತಾಡಿ, ನಾನು ಕೇಳುತ್ತೇನೆ.